ಸೂರ್ಯನ ಜಾಗ

ಸರಕಾರದ ಫಾರ್ಮುಗಳಲ್ಲಿ ನನ್ನನ್ನು ಹೆದರಿಸುವ ಕಾಲಂ ಒಂದೇ. ಹೆಸರು, ತಂದೆಯ ಹೆಸರು, ಸೇವೆಗೆ ಸೇರಿದ ದಿನ ಇವನ್ನೆಲ್ಲ ಕೈಯೇ ಬರೆದುಬಿಡುತ್ತದೆ. ಕೊನೆಯಲ್ಲಿ 'ಹವ್ಯಾಸ ಮತ್ತು ಆಸಕ್ತಿಗಳು' ಎಂದು ಅಚ್ಚು ಹಾಕಿ ಎರಡು ಬೆರಳಿನಷ್ಟು ಜಾಗ ಬಿಟ್ಟಿರುತ್ತಾರೆ ನೋಡಿ, ಅಲ್ಲಿ ಪೆನ್ನು ನಿಂತುಬಿಡುತ್ತದೆ. ಮೊನ್ನೆ ಮುದ್ದೇಬಿಹಾಳದ ನಮ್ಮ ಶಾಲೆಗೆ ತರಬೇತಿಯ ಫಾರ್ಮು ಬಂದಾಗ ಪಕ್ಕದ ಟೀಚರು 'ಓದುವುದು, ಅಡುಗೆ' ಎಂದು ಬರೆದು ಎದ್ದೇ ಹೋದರು. ಅವರ ಅಡುಗೆ ಉಂಡವಳು ನಾನು; ಆಸಕ್ತಿಗೂ ಕೈಗುಣಕ್ಕೂ ಸಂಬಂಧವಿಲ್ಲ ಎಂಬುದನ್ನು ಅವರಿಂದಲೇ ಕಲಿತಿದ್ದೇನೆ. ನಾನು ಯೋಚಿಸಿ ಯೋಚಿಸಿ ನಾಲ್ಕು ಬರೆದೆ: ಆಕಾಶ ವಿಜ್ಞಾನ, ಸಂಗೀತ, ಮಕ್ಕಳಿಗೆ ಕಲಿಸುವುದು, ಜನ ತಮ್ಮ ಹಕ್ಕಿಗಾಗಿ ಹೋರಾಡಿದ ಇತಿಹಾಸ. ಜಾಗ ಸಾಲದೆ ಕೊನೆಯ ಶಬ್ದ ಅಂಚಿಗೆ ಹೋಗಿ ಮುದುಡಿಕೊಂಡಿತು.

ಹೆಡ್ ಮಾಸ್ತರು ಸಹಿ ಹಾಕುವ ಮುಂಚೆ ಕನ್ನಡಕ ಏರಿಸಿ ನೋಡಿದರು. "ಏನ್ರಿ ಅಕ್ಕೋರ, ಇದು ಆಸಕ್ತಿಯೋ, ಕಿರಾಣಿ ಚೀಟಿಯೋ? ನಾಲ್ಕಕ್ಕೂ ಒಂದಕ್ಕೊಂದು ಸಂಬಂಧರ ಏನೈತ್ರಿ?"

"ಐತ್ರಿ ಸರ್. ನಾಲ್ಕೂ ಒಂದ ಸಾಲ್ಯಾಗ, ಒಂದ ವರ್ಷದಾಗ ಹುಟ್ಟ್ಯಾವ," ಎಂದೆ. ಅವರಿಗೆ ಬಿಸಿಯೂಟದ ಅಕ್ಕಿಯ ಚಿಂತೆಯಿತ್ತು. ನಕ್ಕು ಸಹಿ ಹಾಕಿ ಕಳಿಸಿದರು. ನಿಮಗೆ ಪುರುಸೊತ್ತಿದ್ದರೆ ನೀವಾದರೂ ಕೇಳಿ.

ನಮ್ಮೂರು ಇಂಡಿ ತಾಲೂಕಿನದು, ಅಗರಖೇಡದ ಕಡೆ ಹೋಗುವ ಹಾದಿಯಲ್ಲಿದೆ. ಹೆಸರು ಹೇಳುವುದಿಲ್ಲ, ಈ ಸಂಗತಿ ತೆಗೆದರೆ ಇಂದಿಗೂ ಮುಖ ಗಂಟಿಕ್ಕುವ ಕಾಕಾಗಳು ಅಲ್ಲಿದ್ದಾರೆ. ತೊಂಬತ್ತರ ದಶಕದ ನಡುವಿನ ಮಾತು, ನಾನಾಗ ಆರನೆಯ ಇಯತ್ತೆ. ವಿಜ್ಞಾನ ಹೇಳಲು ಹೊಸದಾಗಿ ಮಕಾನದಾರ ಮಾಸ್ತರು ಬಂದಿದ್ದರು. ಬಸವನ ಬಾಗೇವಾಡಿಯವರು. ಇಂಡಿಯಲ್ಲಿ ಖೋಲಿ ಹಿಡಿದು ದಿನಾ ಸೈಕಲ್ ಮೇಲೆ ಬರುತ್ತಿದ್ದರು. ಸೈಕಲ್ಲಿನ ಹಿಂದೆ ಬುತ್ತಿಯ ಡಬ್ಬಿ, ಮುಂದಿನ ಹ್ಯಾಂಡಲ್ಲಿಗೆ ಚೀಲದಲ್ಲಿ ಒಂದು ರೇಡಿಯೊ. ಮೊಹರಮ್ಮಿನ ಪದಗಳನ್ನೂ ತತ್ವಪದಗಳನ್ನೂ ಒಂದೇ ಕಂಠದಲ್ಲಿ ಹಾಡುತ್ತ ಬರುತ್ತಿದ್ದುದರಿಂದ ಅವರು ಊರ ಹೊರಗಿರುವಾಗಲೇ ನಾವು ಸಾಲಾಗಿ ಕೂತುಬಿಡುತ್ತಿದ್ದೆವು.

ರೇಡಿಯೊದಲ್ಲಿ ಉಪಗ್ರಹ ಹಾರಿಸಿದ ಸುದ್ದಿ ಬಂದ ದಿನ ಪಾಠ ಬಂದ್. ಉಪಗ್ರಹ ಸರಿಯಾಗಿ ಮೇಲೆ ಹೋದರೆ ನಮಗೆಲ್ಲ ಒಂದೊಂದು ಪೆಪ್ಪರಮೆಂಟು, ಸಮುದ್ರಕ್ಕೆ ಬಿದ್ದರೆ ಎರಡೆರಡು. "ಏರಿದ್ದಕ್ಕಿಂತ ಬಿದ್ದದ್ದು ಹೆಚ್ಚು ಕಲಸ್ತೈತಿ" ಎಂಬುದು ಅವರ ಲೆಕ್ಕ. ನಾವು ದೇಶದ್ರೋಹಿಗಳ ಹಾಗೆ ಪ್ರತಿಸಲ ಬೀಳಲಿ ಎಂದೇ ಹನುಮಪ್ಪನಿಗೆ ಬೇಡಿಕೊಳ್ಳುತ್ತಿದ್ದೆವು.

ಶನಿವಾರದ ಮುಂಜಾನೆ ಸಾಲಿಯ ಕೊನೆಯ ತಾಸು ಕಥೆಗೆ ಮೀಸಲು. ರಾಜರ ಕಥೆಯಲ್ಲ. ಕೆರೆಯ ನೀರನ್ನು ತಾವೂ ಮುಟ್ಟುತ್ತೇವೆ ಎಂದು ಹೋದವರ ಕಥೆ, ದೂರದ ದೇಶದಲ್ಲಿ ಬಣ್ಣದ ಕಾರಣಕ್ಕೆ ಏಳು ಎಂದರೂ ಬಸ್ಸಿನ ಸೀಟು ಬಿಡದೆ ಕೂತ ಹೆಣ್ಣುಮಗಳ ಕಥೆ. ಬಸ್ಸಿನ ಕಥೆ ಮುಗಿದಾಗ ನಮ್ಮ ಪರಸು ಎದ್ದು ನಿಂತು, "ಆಕಿ ಮದಲ ಕಿಡಕ್ಯಾಗಿಂದ ಟವೆಲ್ ಹಾಕಿರಲಿಲ್ಲೇನ್ರಿ ಮಾಸ್ತರ?" ಎಂದು ಕೇಳಿದ. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಟವೆಲ್ ಬಿದ್ದ ಸೀಟಿಗೆ ಯಾವ ಪೊಲೀಸನೂ ಕೈ ಹಚ್ಚುವುದಿಲ್ಲ, ಅದು ನಮಗೆ ಗೊತ್ತಿದ್ದ ಕಾಯ್ದೆ. ಮಾಸ್ತರು ನಕ್ಕು ನಕ್ಕು ಕೆಮ್ಮಿದರು.

ಆ ವರ್ಷದ ಗ್ಯಾದರಿಂಗಿಗೆ, ಅಂದರೆ ಸಾಲಿಯ ವಾರ್ಷಿಕೋತ್ಸವಕ್ಕೆ, ಅವರು ಕೋಲಾಟ ಬೇಡವೆಂದರು. ಬದಲಿಗೆ ಸೂರ್ಯನ ಸಂಸಾರ. ನಡುವೆ ಒಬ್ಬರು ಸೂರ್ಯ, ಸುತ್ತ ಒಂಬತ್ತು ಮಕ್ಕಳು ಒಂಬತ್ತು ಗ್ರಹ. 'ಸೂರ್ಯನ ಓಣ್ಯಾಗ ಒಂಬತ್ತು ಮನಿ, ಒಂದೊಂದು ಮನಿಗೂ ಒಂದೊಂದು ಹಾದಿ' ಎಂದು ಪದವನ್ನೂ ತಾವೇ ಕಟ್ಟಿದ್ದರು. ತೊಡಕು ಅಲ್ಲಿಂದಲೇ ಶುರುವಾಯಿತು. ನಮಗೆ ಗೊತ್ತಿದ್ದ ನವಗ್ರಹಗಳು ಬೇರೆ. ರಾಹು ಕೇತುಗಳನ್ನು ಬಿಟ್ಟದ್ದೇಕೆ ಎಂದು ಅರ್ಧ ಕ್ಲಾಸು ಕೇಳಿತು. ಶನಿಯಾಗಲು ಯಾರೂ ಒಪ್ಪಲಿಲ್ಲ. ಕೊನೆಗೆ ದಪ್ಪನೆಯ ಮಲ್ಲೇಶಿಗೆ ಸೊಂಟದ ಸುತ್ತ ಸೈಕಲ್ ಟೈರಿನ ಬಳೆ ಸಿಗುತ್ತದೆಂದು ಆಸೆ ಹುಟ್ಟಿ ಅವನು ಒಪ್ಪಿಕೊಂಡ. ಮರುದಿನವೇ ಅವನ ಅವ್ವ ಸಾಲಿಗೆ ಬಂದಳು.

"ಮಾಸ್ತರ, ನನ್ನ ಮಗಗ ಮದಲ ಸಾಡೇಸಾತಿ ನಡದೈತಿ. ಅಂಥಾದ್ರಾಗ ಅವನ್ನ ಶನಿ ಮಾಡಾಕತ್ತೀರಿ?"

ಮಾಸ್ತರು ಕೈ ಮುಗಿದರು. "ಅವ್ವಾರ, ಶನಿಗೆ ಶನಿ ಕಾಡ್ತಾನೇನ್ರಿ? ನಿಮ್ಮ ಮಗಾ ತಾನ ಶನಿ ಆದ್ರ ಅವನ ಹಾದಿಗೆ ಯಾರು ಬರ್ತಾರ?"

ಆಕೆಗೆ ಈ ಮಾತು ಸರಿ ಕಂಡಿತು. ಹೋಗುವಾಗ ಟೈರು ಹೊಸದಿರಲಿ ಎಂದು ಹೇಳಿ ಹೋದಳು. ಪರಸು ಪ್ಲೂಟೊ ಆದ. ಅವನ ಹಾದಿ ಕಂಪೌಂಡಿನ ಗೋಡೆಗೆ ಹತ್ತಿಕೊಂಡಿತ್ತು. ಕಿಸೆ ತುಂಬ ಶೇಂಗಾ ಇಟ್ಟುಕೊಂಡು ತಿನ್ನುತ್ತ ತಿನ್ನುತ್ತ ಇಡೀ ಪದದಲ್ಲಿ ಹತ್ತು ಹೆಜ್ಜೆ ಇಟ್ಟರೆ ಅವನ ಕೆಲಸ ಮುಗಿಯಿತು. ಈಗ ಅವನು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ಎಷ್ಟೋ ವರ್ಷಗಳ ಹಿಂದೆ ಪ್ಲೂಟೊ ಗ್ರಹವೇ ಅಲ್ಲವೆಂದು ತೀರ್ಮಾನವಾದಾಗ ನನಗೆ ಫೋನು ಮಾಡಿದ. "ಸುವರ್ಣಾ, ನಮ್ಮಪ್ಪ ನನ್ನ ಸಾಲಿ ಬಿಡಿಸಿದ. ಈಗ ಇವರು ಗ್ರಹಾನೂ ಬಿಡಿಸಿದ್ರಲ್ಲ" ಎಂದು ನಿಜವಾಗಿಯೂ ಬೇಸರ ಮಾಡಿಕೊಂಡಿದ್ದ.

ನಾನು ಚಂದ್ರ. ಭೂಮಿಯಾದವಳು ಸೂರ್ಯನನ್ನು ಸುತ್ತುವಾಗ ನಾನು ಅವಳನ್ನು ಸುತ್ತಬೇಕು. ಮೊದಲನೆಯ ದಿನವೇ ತಲೆ ತಿರುಗಿ ಮಧ್ಯಾಹ್ನದ ರೊಟ್ಟಿ ಪಲ್ಲೆ ಎಲ್ಲ ಹೊರಗೆ ಬಂತು. ಚಂದ್ರನ ಮೇಲೆ ಯಾರೂ ಯಾಕೆ ವಾಸ ಮಾಡುವುದಿಲ್ಲ ಎಂಬುದು ನನಗೆ ಅಂದೇ ತಿಳಿಯಿತು.

ಇನ್ನು ಸೂರ್ಯ. "ಪದ ಮುಗಿಯೂತನಕ ಅಳ್ಳಾಡದ ಯಾರು ನಿಂದ್ರತೀರಿ?" ಎಂದು ಮಾಸ್ತರು ಕೇಳಿ ಒಬ್ಬೊಬ್ಬರನ್ನೇ ನಡುವೆ ನಿಲ್ಲಿಸಿ ನೋಡಿದರು. ಒಬ್ಬ ಮೂಗು ಕೆರೆದ, ಒಬ್ಬಳು ನಕ್ಕಳು, ನಾನು ಎರಡು ಸಲ ಕಾಲು ಬದಲಿಸಿದೆ. ಶಾವಂತ್ರಿ ನಿಂತಳು ನೋಡಿ, ರೆಪ್ಪೆ ಬಿಟ್ಟರೆ ಬೇರೇನೂ ಅಲುಗಾಡಲಿಲ್ಲ. ಶಾವಂತ್ರಿ ಊರ ಹೊರಗಿನ ಕೇರಿಯ ಹಲಗಿ ಸಿದ್ದಪ್ಪನ ಮಗಳು. ಅವಳೇ ಸೂರ್ಯನೆಂದು ಠರಾವಾಯಿತು. ಅವಳಪ್ಪ ಹಲಗೆ ಬಾರಿಸಿ ನಮ್ಮ ಹೆಜ್ಜೆಗಳಿಗೆ ತಾಳ ಕೊಡಬೇಕು, ನನ್ನ ಅಜ್ಜ ಪೇಟಿ ಹಿಡಿದು ಪದ ಹಾಡಬೇಕು. ಪೇಟಿ ಎಂದರೆ ಹಾರ್ಮೋನಿಯಂ. ಅಜ್ಜ ಊರ ಭಜನೆಯ ಮುಂದಾಳು.

ಶಾವಂತ್ರಿ ಅಷ್ಟು ಅಲುಗಾಡದೆ ನಿಲ್ಲುವುದನ್ನು ಎಲ್ಲಿ ಕಲಿತಳು ಎಂಬುದು ನನಗೆ ಗೊತ್ತಿರಬೇಕಿತ್ತು. ಸಾಲಿಯ ಪಡಸಾಲೆಯ ಮೂಲೆಯಲ್ಲಿ ಕುಡಿಯುವ ನೀರಿನ ಕೊಡ ಇತ್ತು. ನಾವು ಲೋಟ ಅದ್ದಿ ಕುಡಿಯುತ್ತಿದ್ದೆವು. ಕೇರಿಯ ಮಕ್ಕಳು ಮೆಟ್ಟಿಲ ಕೆಳಗೆ ನಿಂತಿರಬೇಕು. ನಮ್ಮಲ್ಲಿ ಯಾರಿಗಾದರೂ ನೆನಪಾಗಿ ಬಂದು ಮೇಲಿನಿಂದ ಹೊಯ್ದಾಗ ಬೊಗಸೆ ಒಡ್ಡಿ ಕುಡಿಯಬೇಕು. ಇದನ್ನು ಯಾರೂ ಯಾವ ಗೋಡೆಯ ಮೇಲೂ ಬರೆದಿರಲಿಲ್ಲ. ಮಾಸ್ತರು ಬಂದ ಹೊಸದರಲ್ಲಿ ಕೇಳಿದ್ದಕ್ಕೆ ಹಿರಿಯ ಮಾಸ್ತರೊಬ್ಬರು 'ಊರ ಪದ್ಧತಿ' ಎಂದು ಹೇಳಿ ಸುಣ್ಣದ ಡಬ್ಬಿ ತೆಗೆದರಂತೆ. ಹೊಯ್ಯುವ ಕೆಲಸ ಹೆಚ್ಚಾಗಿ ನನ್ನದು. ಒಂದು ಹನಿ ಚೆಲ್ಲದ ಹಾಗೆ ಹೊಯ್ಯುತ್ತೇನೆಂದು ನನಗೆ ಹೆಮ್ಮೆಯಿತ್ತು, ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆಂದೂ ತಿಳಿದಿದ್ದೆ.

ಮೂರು ವಾರ ತಾಲೀಮು ನಡೆಯಿತು. ಗ್ಯಾದರಿಂಗಿಗೆ ಎರಡು ದಿನ ಇರುವಾಗ ಅಜ್ಜ ಪೇಟಿ ಹೊರಿಸಿಕೊಂಡು ಮೊದಲ ಸಲ ತಾಲೀಮಿಗೆ ಬಂದ. ಅವನ ಜೊತೆಗೆ ಕಟ್ಟೆಯ ಮೇಲೆ ಕೂಡುವ ನಾಲ್ಕಾರು ಹಿರಿಯರೂ ಬಂದರು. ಹಲಗೆ ಶುರುವಾಯಿತು, ನಾವು ಸುತ್ತತೊಡಗಿದೆವು. ಈಗ ಅವರ ಕಣ್ಣಿನಿಂದ ನೋಡಿ: ಒಂಬತ್ತು ಗ್ರಹ, ಪದ, ತಾಳ, ಸುತ್ತು. ಸುತ್ತು ಬರುವುದೆಂದರೆ ನಮ್ಮೂರಿಗೆ ತಿಳಿದಿದ್ದದ್ದು ಒಂದೇ, ನಡುವೆ ಇರುವವರು ದೇವರು. ಅಜ್ಜ ಪೇಟಿಯ ತಿದಿಯನ್ನು ಮುಚ್ಚಿ ಕೊಂಡಿ ಹಾಕಿದ.

"ಮಾಸ್ತರ, ನೀವು ಶಾಸ್ತ್ರ ಕಲಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಹುಡುಗ್ರ ಕೈಲೆ ಆಕಿಗೆ ಪ್ರದಕ್ಷಿಣಿ ಹಾಕಸಬ್ಯಾಡ್ರಿ."

"ಪ್ರದಕ್ಷಿಣಿ ಅಲ್ರಿ ಅಜ್ಜಾರ. ಭೂಮಿ ಸೂರ್ಯನ ಸುತ್ತ ತಿರಗತೈತಿ, ಅದನ್ನ ತೋರಸಾಕತ್ತೇವಿ."

"ಹೆಸರು ಏನರ ಇಡ್ರಿ. ನನ್ನ ಮೊಮ್ಮಗಳು ಆಕಿ ಸುತ್ತ ತಿರಗೂದು ನನ್ನ ಕಣ್ಣೀಲೆ ಕಂಡೇನಿ."

ಮಾಸ್ತರು ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು. "ನಾ ಬಾಗೇವಾಡ್ಯಾವ್ರಿ. ಈ ಮಾತು ನಮ್ಮ ಸೀಮ್ಯಾಗ ಎಂಟುನೂರು ವರ್ಷದ ಹಿಂದನ ಮುಗದೈತಿ ಅಂದ್ಕೊಂಡಿದ್ದೆ. ನೀವ ದಿನಾ ಮುಂಜಾನಿ ವಚನ ಹಾಡ್ತೀರಿ."

ಹಿರಿಯರಲ್ಲೊಬ್ಬರು ಎದ್ದರು. "ಮಾಸ್ತರ, ನೀವು ಬಂದು ಹೋಗಾವ್ರು. ನಾವು ಇಲ್ಲೇ ಇರಾವ್ರು. ಗ್ಯಾದರಿಂಗ್ ಆಗ್ಬೇಕೋ ಬ್ಯಾಡೋ ಅಷ್ಟ ಹೇಳ್ರಿ."

ಮಾಸ್ತರು ಅಂಜಿದರು. ಕಥೆಯಲ್ಲಿ ಕೆರೆಗೆ ಇಳಿಸುವುದು ಬೇರೆ, ಸೈಕಲ್ ತುಳಿದು ಬರುವ ಊರಿನಲ್ಲಿ ಎದುರು ನಿಲ್ಲುವುದು ಬೇರೆ. ಹಾಗಾದರೆ ಸೂರ್ಯ ಯಾರು ಎಂದು ಕೇಳಿದರು. ಅಜ್ಜ ನನ್ನ ಕಡೆ ಬೆರಳು ಮಾಡಿದ. ನನಗೆ ಸಂತೋಷವಾಯಿತು. ಬೇರೇನೋ ಅನಿಸಿತು ಎಂದು ಬರೆಯಲು ಈಗ ಕೈ ಹವಣಿಸುತ್ತದೆ, ಆದರೆ ಆದದ್ದು ಸಂತೋಷ. ತಲೆ ತಿರುಗುವ ಕೆಲಸ ತಪ್ಪಿತು, ಹಳದಿ ಕಾಗದದ ಕಿರೀಟ ಬೇರೆ ಸಿಕ್ಕಿತು. ಶಾವಂತ್ರಿಗೆ ಪರದೆಯ ಹಗ್ಗ ಹಿಡಿಯುವ ಕೆಲಸ. ಮಾಸ್ತರು ಕರೆದು ಹೇಳಿದಾಗ ಅವಳು "ಹೂಂ ರಿ" ಎಂದಳು, ಯಾಕೆಂದು ಕೇಳಲಿಲ್ಲ. ಅವಳು ಕೇಳಿದ್ದರೆ ಮಾಸ್ತರಿಗೆ ಹಗುರಾಗುತ್ತಿತ್ತೋ ಏನೋ.

ಆ ಮಧ್ಯಾಹ್ನ ಕೊಡದ ಹತ್ತಿರ ನಾನು ನೀರು ಹೊಯ್ಯುವಾಗ ಅವಳು ಕುಡಿದು ಬಾಯಿ ಒರೆಸಿಕೊಂಡು, "ನಿಂದ್ರುವಾಗ ಮೊಣಕಾಲು ಬಿಗಿ ಹಿಡಿಬ್ಯಾಡ. ಸ್ವಲ್ಪ ಸಡಲ ಬಿಡು. ಇಲ್ಲಾಂದ್ರ ತಲಿಗೆ ಚಕ್ಕರ್ ಬರ್ತೈತಿ" ಎಂದಳು.

"ನಿನಗ ಹೆಂಗ ಗೊತ್ತು?"

"ದಿನಾ ಇಲ್ಲಿ ನಿಂದ್ರತೇನಲ್ಲ," ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಾನು ಲೋಟವನ್ನು ಕೊಡದ ಮೇಲೆ ಬೋರಲು ಹಾಕಿ ಓಡಿದೆ.

ಗ್ಯಾದರಿಂಗ್ ಸಂಜೆ ನಾಲ್ಕಕ್ಕೆ. ಮಾಘದ ಬಿಸಿಲು ಎಂದರೆ ನಮ್ಮ ಕಡೆ ಆಗಲೇ ಬೇಸಿಗೆಯ ಅಣ್ಣ. ಮೈದಾನದ ತುಂಬ ಜಮಖಾನೆ, ಮುಂದೆ ನಾಲ್ಕು ಖುರ್ಚಿ. ನಾನು ಕಿರೀಟ ಹಾಕಿಕೊಂಡು ನಡುವೆ ನಿಂತೆ. ಶಾವಂತ್ರಿಯ ಮಾತು ನೆನಪಿತ್ತು. ಆದರೆ ಸೂರ್ಯನೆಂದರೆ ಸಡಿಲವಾಗಿ ನಿಲ್ಲುವುದೇ? ಇಡೀ ಊರು ನನ್ನನ್ನೇ ನೋಡುತ್ತಿತ್ತು. ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದು, ಎರಡೂ ಮೊಣಕಾಲು ಬಿಗಿದು ಕಂಬವಾದೆ. ಸಿದ್ದಪ್ಪನ ಹಲಗೆ ಶುರುವಾಯಿತು. ಮಗಳ ಜಾಗ ಹೋಗಿದ್ದರೂ ಅವನು ಬಂದಿದ್ದ, ಕರೆದರೆ ಬರಲೇಬೇಕಾದವನು. ಅಜ್ಜ ಎಂದಿನಂತೆ ಕಣ್ಣು ಮುಚ್ಚಿ ಪದ ಎತ್ತಿದ. ಮೊದಲನೆಯ ನುಡಿ ದಾಟಿತು. ಎರಡನೆಯ ನುಡಿಯಲ್ಲಿ ಮಂಗಳ, ಗುರು, ಶನಿ ಎಲ್ಲರೂ ಹಳದಿಯಾದರು, ಆಮೇಲೆ ಕಪ್ಪಾದರು.

ಎಚ್ಚರ ಬಂದಾಗ ಯಾರೋ ಕಂಕುಳಲ್ಲಿ ಕೈ ಹಾಕಿ ನನ್ನನ್ನು ಎಳೆಯುತ್ತಿದ್ದರು. ಶಾವಂತ್ರಿ. ಹಗ್ಗ ಬಿಟ್ಟು ಓಡಿ ಬಂದಿದ್ದಳು. ನನ್ನನ್ನು ಪರದೆಯ ನೆರಳಿಗೆ ಹಾಕಿ ಒಮ್ಮೆ ನಡುವಿನ ಬಯಲನ್ನು ನೋಡಿದಳು. ಗ್ರಹಗಳು ನಿಂತಲ್ಲೇ ನಿಂತಿದ್ದವು. ಅವಳು ನಡೆದು ಹೋಗಿ ಅಲ್ಲಿ ನಿಂತಳು. ಕಿರೀಟ ನನ್ನ ಪಕ್ಕದಲ್ಲೇ ಬಿದ್ದಿತ್ತು, ಅದನ್ನು ಅವಳು ಮುಟ್ಟಲಿಲ್ಲ. ಮೂರು ವಾರ ಅವಳನ್ನೇ ಸುತ್ತಿ ರೂಢಿಯಾಗಿದ್ದ ಮಕ್ಕಳು ಏನೂ ಆಗಿಲ್ಲವೆಂಬಂತೆ ಮತ್ತೆ ಹೆಜ್ಜೆ ಹಾಕಿದರು. ಒಂದು ಗಳಿಗೆ ತಡೆದಿದ್ದ ಹಲಗೆ ತಾಳ ಹಿಡಿಯಿತು.

ಖುರ್ಚಿಯ ಹಿರಿಯರು ಅಜ್ಜನ ಕಡೆ ನೋಡಿದರು. ಅವನು ಪೇಟಿ ನಿಲ್ಲಿಸಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಭಜನೆಯವರದೊಂದು ನೇಮವಿದೆ: ಎತ್ತಿದ ಪದವನ್ನು ನಡುವೆ ಬಿಡಬಾರದು. ಮಳೆ ಬರಲಿ, ದೀಪ ಆರಲಿ, ಕೊನೆಯ ಮಂಗಳದ ನುಡಿಯವರೆಗೆ ಹಾಡಬೇಕು. ನಾನು ಬಿದ್ದ ಸದ್ದಿಗೆ ಅಜ್ಜ ಕಣ್ಣು ತೆರೆದಿದ್ದ. ನಡುವೆ ಯಾರು ನಿಂತಿದ್ದಾರೆಂದು ನೋಡಿದ. ನೋಡಿ ಮತ್ತೆ ಕಣ್ಣು ಮುಚ್ಚಿಕೊಂಡು ಹಾಡು ಮುಂದುವರಿಸಿದ. ಪದ ಮುಗಿಯಿತು, ಆದರೆ ಮಲ್ಲೇಶಿಯ ಸುತ್ತು ಮುಗಿದಿರಲಿಲ್ಲ. ಟೈರು ಹಿಡಿದುಕೊಂಡು ಬರುತ್ತಿದ್ದ. ಅಜ್ಜ ಪಲ್ಲವಿಯನ್ನು ಮತ್ತೊಮ್ಮೆ ಎತ್ತಿಕೊಂಡ, ಇನ್ನೊಮ್ಮೆ ಎತ್ತಿಕೊಂಡ, ಶನಿ ತನ್ನ ಜಾಗಕ್ಕೆ ಬಂದು ನಿಂತಮೇಲೆಯೇ ಬಿಟ್ಟ. ಕಣ್ಣು ಮುಚ್ಚಿಕೊಂಡವನಿಗೆ ಮಲ್ಲೇಶಿ ಇನ್ನೂ ಬಂದಿಲ್ಲವೆಂದು ಹೇಗೆ ತಿಳಿಯಿತು ಎಂದು ನಾನು ಅವನನ್ನು ಕೇಳಬೇಕಿತ್ತು. ಕೇಳದೆ ಉಳಿದೆ. ಅವನು ತೀರಿಕೊಂಡು ಬಹಳ ವರ್ಷಗಳಾದವು.

ಹಿರಿಯರು ಜಗಳಕ್ಕೆ ಬಂದಾಗ ಅಜ್ಜ ಹೇಳಿದ್ದು ಇಷ್ಟೇ: "ಎತ್ತಿದ ಪದ ನಡುವ ಬಿಡಾಕ ಬರಂಗಿಲ್ಲ." ಅವರು ಗೊಣಗುತ್ತ ಎದ್ದು ಹೋದರು. ಊರೇನೂ ಒಂದೇ ಸಂಜೆಗೆ ಬದಲಾಗಲಿಲ್ಲ. ಮಾಸ್ತರಿಗೆ ಮುಂದಿನ ವರ್ಷ ವರ್ಗವಾಯಿತು, ಇದಕ್ಕೋ ಬೇರೆಯದಕ್ಕೋ ತಿಳಿಯದು. ನೀರಿನ ಕೊಡದ ಪದ್ಧತಿ ಸಾಲಿಗೆ ನಳ ಬರುವವರೆಗೂ ಇತ್ತು. ನಳ ಬಂದಮೇಲೆ ಎತ್ತಿ ಹೊಯ್ಯುವ ಕೆಲಸವೇ ಉಳಿಯಲಿಲ್ಲ. ಅದನ್ನು ನಾವು ನಮ್ಮ ಒಳ್ಳೆಯತನವೆಂದು ಬರೆದುಕೊಂಡೆವು.

ಇನ್ನು ನನ್ನ ಒಳ್ಳೆಯತನದ ಕಥೆ. ಬಿಜಾಪುರದಲ್ಲಿ ಶಿಕ್ಷಕರ ತರಬೇತಿಗೆ ಹೋದಾಗ ಸಮಾನತೆಯ ಮೇಲೆ ಭಾಷಣ ಸ್ಪರ್ಧೆಯಿತ್ತು. ಈ ಸಂಗತಿ ಹೇಳಿದೆ. 'ತಲೆ ಸುತ್ತಿ ಬಿದ್ದೆ' ಎನ್ನುವಲ್ಲಿಗೆ ಬಂದಾಗ ಮಾತು ಸಪ್ಪೆ ಅನಿಸಿತು. "ಬಿದ್ದಂತೆ ಮಾಡಿ ಜಾಗ ಬಿಟ್ಟುಕೊಟ್ಟೆ" ಎಂದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಮೊದಲ ಬಹುಮಾನವಾಗಿ ಬಂದ ಸ್ಟೀಲಿನ ತಾಟಿನಲ್ಲಿ ನಮ್ಮ ಮನೆಯವರು ಈಗಲೂ ಉಣ್ಣುತ್ತಾರೆ. ಒಮ್ಮೆ ಹೇಳಿದ ಮೇಲೆ ಹಿಂದೆ ಬರುವುದು ಕಷ್ಟ. ಹೇಳಿ ಹೇಳಿ ನನಗೇ ಅದು ಹಾಗೆಯೇ ಆದಂತೆ ಕಾಣತೊಡಗಿತ್ತು.

ಎರಡು ವರ್ಷಗಳ ಹಿಂದೆ ಸಿಂದಗಿಯಿಂದ ಶಾವಂತ್ರಿ ಫೋನು ಮಾಡಿದಳು. ಅಲ್ಲಿ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು. ಮಕ್ಕಳ ವಿಜ್ಞಾನ ಪ್ರದರ್ಶನವಿದೆ, ಬಂದು ಎರಡು ಮಾತು ಆಡು ಎಂದಳು. ಹೋದೆ. ಎಂಟನೆಯ ಇಯತ್ತೆಯ ಮಕ್ಕಳನ್ನು ಹಾಲಿನಲ್ಲಿ ಕೂಡಿಸಿದ್ದರು, ಅವರಾದಮೇಲೆ ಒಂಬತ್ತನೆಯವರ ಪಾಳಿ. ಮೈಕು ಕೈಗೆ ಬಂದೊಡನೆ ನನ್ನ ಬಾಯಿಗೆ ಬಂದದ್ದು ಅದೇ ಕಥೆ, ಅದೇ ತಿದ್ದುಪಡಿಯೊಂದಿಗೆ. ಶಾವಂತ್ರಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಮಕ್ಕಳು ನನ್ನನ್ನೇ ನೋಡುತ್ತ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು.

ನಡುವಿನ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಚಹಾ ಕೊಟ್ಟು ಎದುರು ಕೂತಳು. "ಸುವರ್ಣಾ, ನೀ ಅವತ್ತು ಬೇಕಂತ ಬಿದ್ದಿದ್ದೇನ?"

ಹೌದು ಎನ್ನಲು ನಾಲಿಗೆ ತಯಾರಾಗಿಯೇ ಇತ್ತು. ಅವಳ ಮುಖ ನೋಡಿ, "ಇಲ್ಲ" ಎಂದೆ.

"ನನಗ ಗೊತ್ತೈತಿ. ಎಳಕೊಂಡು ಹೋದಾಕಿ ನಾನ ಅಲ್ಲೇನ. ಬೇಕಂತ ಬಿದ್ದವರ ಮೈ ಅಷ್ಟು ಭಾರ ಇರಂಗಿಲ್ಲ."

"ಮತ್ತ ಅಲ್ಲೇ ಹೇಳಬೇಕಿಲ್ಲ?"

"ಹುಡುಗ್ರ ಮುಂದ ನಿನ್ನ ಮಾನ ಕಳೀಬಾರದು ಅನಸ್ತು." ಅವಳು ತನ್ನ ಚಹಾ ಕಪ್ಪನ್ನು ಕೆಳಗಿಟ್ಟಳು. "ಆದ್ರ ಕೇಳು. ಆ ಜಾಗ ಯಾರೂ ಬಿಟ್ಟುಕೊಡಲಿಲ್ಲ. ಖಾಲಿ ಬಿತ್ತು, ನಾ ಹೋಗಿ ನಿಂತೆ. ನಮ್ಮಪ್ಪನ ಮುಖ ನೋಡಲಿಲ್ಲ, ಖುರ್ಚಿ ಮ್ಯಾಲಿನವರ ಮುಖ ನೋಡಲಿಲ್ಲ. ಆ ಹತ್ತು ಹೆಜ್ಜಿ ನಡಿಯೂತನಕ ನನ್ನ ಜೀವ ಬಾಯಾಗ ಬಂದಿತ್ತು. ನೀ ಬಿಟ್ಟುಕೊಟ್ಟಿ ಅಂದ್ರ ನನ್ನ ಆ ಹತ್ತು ಹೆಜ್ಜಿ ಎಲ್ಲಿ ಹೋದ್ವು?"

ಇಷ್ಟು ವರ್ಷ ಹಕ್ಕುಗಳ ಇತಿಹಾಸ ಓದಿದವಳು, ಗೆಳತಿಯ ಇತಿಹಾಸವನ್ನು ಒಂದು ಸ್ಟೀಲಿನ ತಾಟಿಗೆ ಕೊಟ್ಟುಬಿಟ್ಟಿದ್ದೆ. ನಾಚಿಕೆಯಾಯಿತು, ಅಳುವೂ ಬಂತು. ಅವಳು ಸಮಾಧಾನ ಮಾಡಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. "ಒಂಬತ್ತನೇದವ್ರು ಕುಂತಾರ, ನಡಿ," ಎಂದಳು.

ನಾನು ಮತ್ತೆ ಮೈಕು ಹಿಡಿದು ಮೊದಲಿನಿಂದ ಹೇಳಿದೆ. ಅಜ್ಜನ ಬೆರಳು, ನನಗಾದ ಸಂತೋಷ, ನೀರಿನ ಕೊಡ, ಯಾವುದನ್ನೂ ಬಿಡಲಿಲ್ಲ. ಮಾತು ಕೇಳದೆ ಮೊಣಕಾಲು ಬಿಗಿದು ನಿಂತು, ತಲೆ ಸುತ್ತಿ, ಧೊಪ್ಪೆಂದು ಬಿದ್ದೆ ಎಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡು ಜಡೆಯ ಒಬ್ಬ ಹುಡುಗಿ ಮಾತ್ರ ನಗದೆ ಕೈ ಎತ್ತಿದಳು.

"ಟೀಚರ್, ಆಮ್ಯಾಲ ನಡುವ ಹೋಗಿ ನಿಂತಾಕಿ, ಆಕಿ ಈಗ ಎಲ್ಲಿ ಅದಾರ್ರಿ?"

ನಾನು ಹಿಂದಿನ ಗೋಡೆಯ ಕಡೆ ಕೈ ತೋರಿಸಿದೆ. ಇಡೀ ಹಾಲು ನನಗೆ ಬೆನ್ನು ಮಾಡಿ ಅತ್ತ ತಿರುಗಿತು.